ಪ್ರಸಂಗಪೀಠದ ಕುಷ್ಠರೋಗ

ದಿನನಿತ್ಯದ ಸಂಗತಿಗಳಿಂದ ಆತ್ಮಿಕ ಪಾಠ ಹೇಳುವುದು ಕನ್ನಡ ಕ್ರೈಸ್ತ ಪ್ರಸಂಗಗಳ ಹಳೆಯ ರೂಢಿ. ದೀಪ, ಉಪ್ಪು, ಬೀಜ, ಹುಳಿಹಿಟ್ಟುಗಳಿಗೆ ಸುವಾರ್ತೆಯ ಸಾಮ್ಯಗಳೇ ಆಧಾರವಾದ್ದರಿಂದ ಈ ರೂಢಿಯನ್ನು ಯಾರೂ ಪ್ರಶ್ನಿಸುವುದಿಲ್ಲ. ಪ್ರಶ್ನಿಸಬೇಕಾದ ದೃಷ್ಟಾಂತ ಒಂದಿದೆ: ಕುಷ್ಠರೋಗವನ್ನು ಪಾಪಕ್ಕೆ ಹೋಲಿಸುವುದು.

ಹೋಲಿಕೆ ನಾಲ್ಕು ಹೆಜ್ಜೆಯಲ್ಲಿ ಸಾಗುತ್ತದೆ. ರೋಗ ಸಣ್ಣ ಮಚ್ಚೆಯಾಗಿ ಶುರುವಾಗುತ್ತದೆ, ಸ್ಪರ್ಶಜ್ಞಾನವನ್ನು ಕೊಲ್ಲುತ್ತದೆ, ಹರಡುತ್ತದೆ, ಕಡೆಗೆ ಮನುಷ್ಯನನ್ನು ಸಮುದಾಯದಿಂದ ದೂರಮಾಡುತ್ತದೆ. ಮೊದಲ ಎರಡು ನಿಜ. ವೈದ್ಯ ಹ್ಯಾನ್ಸನ್ 1873ರಲ್ಲಿ ಗುರುತಿಸಿದ ರೋಗಾಣು ನರಗಳನ್ನೇ ಹಿಡಿಯುತ್ತದೆ. ಮೂರನೆಯದು ಉತ್ಪ್ರೇಕ್ಷೆ. ಬಹುಪಾಲು ಜನರ ದೇಹಕ್ಕೆ ಇದನ್ನು ತಡೆಯುವ ಶಕ್ತಿಯಿದೆ, ಬಹುಔಷಧ ಚಿಕಿತ್ಸೆಯಿಂದ ರೋಗ ಪೂರ್ಣ ವಾಸಿಯಾಗುತ್ತದೆ. ನಾಲ್ಕನೆಯದು ಸುಳ್ಳು. ರೋಗಿಯನ್ನು ದೂರಮಾಡುವುದು ರೋಗವಲ್ಲ, ನೆರೆಹೊರೆ. ದೂಡಿದವರ ತಪ್ಪನ್ನು ಈ ದೃಷ್ಟಾಂತ ದೂಡಿಸಿಕೊಂಡವನ ತಲೆಗೆ ಕಟ್ಟುತ್ತದೆ.

ಗ್ರಂಥದ ಬೆಂಬಲವೂ ಇದಕ್ಕಿಲ್ಲ. ಮಾರ್ಕನ ಮೊದಲ ಅಧ್ಯಾಯದಲ್ಲಿ ಯೇಸು ಕುಷ್ಠರೋಗಿಯನ್ನು ಕೈಚಾಚಿ ಮುಟ್ಟುತ್ತಾನೆ. ಪಾಪದ ಮಾತೇ ಎತ್ತುವುದಿಲ್ಲ. ಪಾಪ ಕ್ಷಮಿಸುವ ಮಾತು ಬರುವುದು ಎರಡನೆಯ ಅಧ್ಯಾಯದಲ್ಲಿ, ಪಾರ್ಶ್ವವಾಯು ರೋಗಿಗೆ. ಪ್ರಸಂಗಗಳು ಪಾಪದ ಪ್ರಸ್ತಾಪವಿರುವ ರೋಗವನ್ನು ಬಿಟ್ಟು, ಅದಿಲ್ಲದ ರೋಗವನ್ನು ಹಿಡಿದುಕೊಂಡಿವೆ. ಯಾಜಕಕಾಂಡದ ಆಸರೆ ಹಿಡಿಯುವವರು ಅದೇ ನಿಯಮ ಬಟ್ಟೆಯ ಕಲೆಗೂ ಮನೆಗೋಡೆಯ ಕಲೆಗೂ ಅನ್ವಯಿಸುತ್ತದೆಂಬುದನ್ನು ಗಮನಿಸಬೇಕು. ಗೋಡೆ ಪಾಪ ಮಾಡುವುದಿಲ್ಲ.

ಯೇಸುವೇ ಸಾಮ್ಯಗಳಲ್ಲಿ ಮಾತಾಡಿದ್ದರಿಂದ ಎಲ್ಲ ಹೋಲಿಕೆಗೂ ಅನುಮತಿಯಿದೆ ಎಂಬ ವಾದ ಇನ್ನೂ ದುರ್ಬಲ. ಅವನ ಸಾಮ್ಯದಲ್ಲಿ ಹೀನಾಯಕ್ಕೆ ಗುರಿಯಾದ ಸಮಾರ್ಯದವನೇ ಮೇಲ್ಪಂಕ್ತಿ. ವಚನಕಾರರ ಉದಾಹರಣೆ ಕೊಡುವವರೂ ಉಂಟು. ಆದರೆ ಅಂಬಿಗರ ಚೌಡಯ್ಯನ ದೋಣಿ ಅವನ ಸ್ವಂತ ಕಾಯಕದ್ದು, ಪರರ ನೋವಿನದ್ದಲ್ಲ.

ರೂಢಿಯ ಉತ್ತಮ ಮಾದರಿ ಪಾಲ್ ಬ್ರ್ಯಾಂಡ್. ಕೊಲ್ಲಿಮಲೆಯಲ್ಲಿ 1914ರಲ್ಲಿ ಹುಟ್ಟಿ, ವೆಲ್ಲೂರಿನಲ್ಲಿ ಕುಷ್ಠರೋಗಿಗಳ ಕೈಗಳಿಗೆ ಶಸ್ತ್ರಚಿಕಿತ್ಸೆ ಮಾಡಿದ ಈ ವೈದ್ಯ, ಬೆರಳು ನಷ್ಟವಾಗುವುದು ಕೊಳೆತದಿಂದಲ್ಲ, ಅರಿವಿಗೆ ಬಾರದ ಗಾಯ, ಸುಟ್ಟಗಾಯಗಳಿಂದ ಎಂದು ತೋರಿಸಿದ. ಲೇಖಕ ಫಿಲಿಪ್ ಯಾನ್ಸಿಯೊಂದಿಗೆ 1980ರಲ್ಲಿ ಪ್ರಕಟಿಸಿದ ‘ಫಿಯರ್‌ಫುಲಿ ಅಂಡ್ ವಂಡರ್‌ಫುಲಿ ಮೇಡ್’ ದೇಹದಿಂದ ಸಭೆಗೆ ಪಾಠ ತೆಗೆಯುತ್ತದೆ. ಅಲ್ಲಲ್ಲಿ ಪಾಠಕ್ಕೆ ಅವಸರಪಟ್ಟರೂ ಅವನ ಪುಟಗಳಲ್ಲಿ ರೋಗಿ ಪಾಪದ ಚಿತ್ರವಾಗುವುದಿಲ್ಲ. ನೋವು ದೇಹದ ಕಾವಲೆಂಬ ಅವನ ಅರಿವು ಚಿಕಿತ್ಸೆಯಿಂದಲೇ ಹುಟ್ಟಿದ್ದು.

ಪಶ್ಚಿಮ ಬೆಂಗಳೂರಿನಲ್ಲಿ ಈ ಪ್ರಶ್ನೆ ಪುಸ್ತಕದ್ದಲ್ಲ. ಮಾಗಡಿ ರಸ್ತೆಯ ಸುಮನಹಳ್ಳಿಯಲ್ಲಿ ಕಥೋಲಿಕ ಧರ್ಮಸಭೆ 1970ರ ದಶಕದ ಕೊನೆಯಿಂದ ಕುಷ್ಠರೋಗ ಬಾಧಿತರಿಗೆ ಚಿಕಿತ್ಸೆ, ವಸತಿ, ಕಸುಬು ಒದಗಿಸಿದೆ. ವಿಜಯನಗರ, ಬಸವೇಶ್ವರನಗರದ ಪ್ರಸಂಗಪೀಠಗಳಿಗೆ ಅದು ದೂರವಲ್ಲ. ಕಾನೂನೂ ಬದಲಾಗಿದೆ. ಕ್ರೈಸ್ತರಿಗೆ ಅನ್ವಯಿಸುವ 1869ರ ವಿಚ್ಛೇದನ ಕಾಯ್ದೆಯಲ್ಲಿ ಕುಷ್ಠರೋಗವೂ ವಿಚ್ಛೇದನಕ್ಕೆ ಒಂದು ಕಾರಣವಾಗಿತ್ತು. 2019ರ ತಿದ್ದುಪಡಿ ಅದನ್ನು ತೆಗೆದುಹಾಕಿತು. ಪ್ರಸಂಗಕಾರರೂ ಈ ದೃಷ್ಟಾಂತವನ್ನು ಕೈಬಿಡಬೇಕು.