ರಾಮರಾಯ ಗೆದ್ದಿದ್ದರೆ ಮದರಾಸು ಇರುತ್ತಿತ್ತೇ?

"ಸರ್, ರಾಮರಾಯ ಗೆದ್ದಿದ್ರೆ ನಾವು ಕೆಲಸ ಹುಡುಕ್ಕೊಂಡು ಇಲ್ಲಿಗೆ ಬರಬೇಕಿತ್ತಾ? ಹಂಪಿಯಲ್ಲೇ ಟೆಕ್ ಪಾರ್ಕ್ ಇರ್ತಿತ್ತು."

ಮಣಲಿಯ ರಿಫೈನರಿ ಚಿಮಣಿಗಳು ಕಾಣುವ ಟೀ ಅಂಗಡಿಯಲ್ಲಿ ನನ್ನ ತಂಡದ ಹೊಸಪೇಟೆ ಹುಡುಗ ಹೀಗೆಂದಾಗ ನಕ್ಕೆ. ಆದರೆ ಪ್ರಶ್ನೆ ಬಿಡಲಿಲ್ಲ. ರಾತ್ರಿ ಗಿರೀಶ ಕಾರ್ನಾಡರ 'ರಾಕ್ಷಸ-ತಂಗಡಿ' (2018) ನಾಟಕವನ್ನು ಮತ್ತೆ ಓದಿದೆ.

ಈ 'ಗೆದ್ದಿದ್ದರೆ'ಗೆ ನಮ್ಮಲ್ಲಿ ಸಿದ್ಧ ಉತ್ತರವೊಂದಿದೆ. 1565ರ ಜನವರಿ 23ರಂದು ಗೆಲುವು ಕೈಗೆ ಬಂದಿತ್ತು, ಇಬ್ಬರು ಸರದಾರರು ತಿರುಗಿಬಿದ್ದರು, ಸಾಮ್ರಾಜ್ಯ ಮುಳುಗಿತು. ಎರಡು ವರ್ಷದ ಬಳಿಕ ಹಂಪಿಗೆ ಬಂದ ವೆನಿಸ್‌ನ ವ್ಯಾಪಾರಿ ಚೇಸರೆ ಫೆಡೆರೀಚಿ ಈ ದ್ರೋಹದ ಮಾತನ್ನು ಬರೆದಿಟ್ಟಿದ್ದಾನೆ. ಆ ಇಬ್ಬರನ್ನು ಅಳಿಸಿದರೆ ಚರಿತ್ರೆ ಸರಿಹೋಗುತ್ತದೆಂದು ನಮ್ಮ ನಂಬಿಕೆ. ಪ್ರಾಜೆಕ್ಟ್ ಕುಸಿದಾಗ ಕೊನೆಯ ರಾತ್ರಿ ಡ್ಯೂಟಿಯಲ್ಲಿದ್ದವನ ಹೆಸರು ಬರೆದು ಫೈಲ್ ಮುಚ್ಚುವ ಕೆಲಸ ಇದು. ನಾನೂ ಮಾಡಿದ್ದೇನೆ, ಹಾಗಾಗಿ ಗೊತ್ತು.

ಕಾರ್ನಾಡರ ನಾಟಕ ಆ ಫೈಲನ್ನು ಅಷ್ಟು ಬೇಗ ಮುಚ್ಚಲು ಬಿಡುವುದಿಲ್ಲ. ಅದರ ಕಣ್ಣು ರಣರಂಗಕ್ಕಿಂತ ರಾಮರಾಯನ ಮನಸ್ಸಿನ ಮೇಲಿದೆ. ಅಧಿಕಾರವೆಲ್ಲ ಕೈಯಲ್ಲಿದ್ದರೂ 'ಅಳಿಯ'ನಾಗಿಯೇ ಉಳಿದವನು, ಚಾಲುಕ್ಯರ ಕಲ್ಯಾಣದ ಮೇಲೆ ಹಂಬಲ ಇಟ್ಟವನು. ಎದುರಿದ್ದವರೂ ಅಪರಿಚಿತರಲ್ಲ. ಗೋಲ್ಕೊಂಡದ ಇಬ್ರಾಹಿಂ ಕುತುಬ್ ಶಾ ವಿಜಯನಗರದಲ್ಲಿ ಏಳು ವರ್ಷ ಆಶ್ರಯ ಪಡೆದಿದ್ದ. ಬಿಜಾಪುರದ ಅಲಿ ಆದಿಲ್ ಶಾ ಅದೇ ಮನೆಯಲ್ಲಿ ಮಗನೆನಿಸಿಕೊಂಡಿದ್ದ. ಒಬ್ಬರ ಮೇಲೊಬ್ಬರನ್ನು ಎತ್ತಿಕಟ್ಟುತ್ತಾ ಬಂದ ರಾಮರಾಯನ ನೀತಿಯೇ ಕೊನೆಗೆ ಅವರೆಲ್ಲರನ್ನೂ ಒಂದು ಮಾಡಿತು. ಹಿಂದೂ-ಮುಸ್ಲಿಂ ಯುದ್ಧ ಎಂಬ ಒಂದೇ ಸಾಲಿನಲ್ಲಿ ಇದು ಮುಗಿಯುವುದಿಲ್ಲ.

ಹಾಗಾದರೆ ಗೆದ್ದಿದ್ದರೆ? ಹಂಪಿಯ ತಿಂಗಳುಗಟ್ಟಲೆ ಲೂಟಿ ತಪ್ಪುತ್ತಿತ್ತು. ಅದು ಸಣ್ಣ ಮಾತಲ್ಲ. ಆದರೆ ರಾಮರಾಯ ಆಗಲೇ ಹಣ್ಣು ಮುದುಕ. ಪಟ್ಟದಲ್ಲಿದ್ದ ಸದಾಶಿವರಾಯ ಹೆಸರಿಗಷ್ಟೇ ಅರಸ. ಮುಂದೆ ಯಾರು ಎಂಬ ಜಗಳವನ್ನು ಒಂದು ಗೆಲುವು ತೀರಿಸುತ್ತಿರಲಿಲ್ಲ, ಮುಂದೂಡುತ್ತಿತ್ತು.

ಸೋಲಿನಿಂದಲೂ ಎಲ್ಲ ಮುಗಿಯಲಿಲ್ಲ. ಅರವೀಡು ಅರಸರು ಪೆನುಕೊಂಡ, ಚಂದ್ರಗಿರಿ, ವೆಲ್ಲೂರು ಎಂದು ಸರಿಯುತ್ತಾ ಆಳಿದರು. ಅವರ ಹಿಡಿತ ಸಡಿಲವಾಗಿದ್ದಾಗ, 1610ರಲ್ಲಿ, ರಾಜ ಒಡೆಯರು ಶ್ರೀರಂಗಪಟ್ಟಣ ಹಿಡಿದರು. 1639ರಲ್ಲಿ ಅದೇ ಅರಸರ ಅಧೀನದ ದಾಮರ್ಲ ವೆಂಕಟಾದ್ರಿ ನಾಯಕ, ಮಣಲಿಯಿಂದ ದಕ್ಷಿಣಕ್ಕಿರುವ ಕಡಲತೀರದ ತುಂಡು ನೆಲವನ್ನು ಇಂಗ್ಲಿಷ್ ಕಂಪನಿಗೆ ಕೊಟ್ಟ. ಅಲ್ಲಿ ಎದ್ದ ಸೇಂಟ್ ಜಾರ್ಜ್ ಕೋಟೆಯ ಸುತ್ತ ಮದರಾಸು ಬೆಳೆಯಿತು. ನಾವು ಹೆಮ್ಮೆಪಡುವ ಮೈಸೂರು ಸಂಸ್ಥಾನ, ನಮಗೆ ಅನ್ನ ಕೊಡುವ ಈ ಚೆನ್ನೈ, ಎರಡೂ ತಾಳಿಕೋಟೆ ಸೋಲಿನ ದಾರಿಯಲ್ಲೇ ಬಂದವು. ಫಲಿತಾಂಶ ತಿರುಗಿಸುವವರು ಇವನ್ನೂ ಲೆಕ್ಕದಿಂದ ಕಳೆಯಬೇಕು.

ನಾಟಕದ ಮೇಲೆ ನನ್ನ ತಕರಾರು ಇಲ್ಲಿಯೇ. ರಾಮರಾಯ ಅದರಲ್ಲಿ ಎಷ್ಟು ತುಂಬಿಕೊಂಡಿದ್ದಾನೆಂದರೆ, ಬೇರೆ ಸ್ವಭಾವದವನಿದ್ದರೆ ಎಲ್ಲ ಬೇರೆಯಾಗುತ್ತಿತ್ತು ಅನಿಸಿಬಿಡುತ್ತದೆ. ದ್ರೋಹಿಯ ಜಾಗದಲ್ಲಿ ಅಹಂಕಾರಿ ಬಂದು ಕೂತರೆ ಫೈಲ್ ಮತ್ತೆ ಮುಚ್ಚಿದ ಹಾಗೆಯೇ. ಸಮಯ ಕಾಯುತ್ತಿದ್ದ ನಾಯಕರು, ಕರಾವಳಿಗೆ ಬರುತ್ತಿದ್ದ ಹಡಗುಗಳು ಒಬ್ಬನ ಸ್ವಭಾವದಿಂದ ನಿಲ್ಲುವಂಥವಲ್ಲ. ಆದರೂ, ಸೋಲಿಗೆ ಕಾರಣವನ್ನು ಮನೆಯೊಳಗೆ ಹುಡುಕುವ ಧೈರ್ಯ ಈ ನಾಟಕಕ್ಕಿದೆ. ಅದಕ್ಕಾಗಿ ಓದಬೇಕು.

ಮರುದಿನ ಹುಡುಗನಿಗೆ ಹೇಳಿದೆ: "ನಾ ವಿಜಯಪುರದಾಂವ. ರಕ್ಕಸಗಿ, ತಂಗಡಗಿ ಎರಡೂ ನಮ್ಮ ಜಿಲ್ಲಾದಾಗ ಅದಾವು. ಗೋಲಗುಮ್ಮಟ ನೋಡಕೋತ ಬೆಳದಾಂವ. ನಿನ್ನ ಲೆಕ್ಕದಾಗ ನಾ ಗೆದ್ದಾಂವೋ, ಸೋತಾಂವೋ?"

ಅವನು ಸ್ವಲ್ಪ ಯೋಚಿಸಿ, "ನೀವೂ ಇಲ್ಲಿಗೇ ಬಂದಿದೀರಲ್ಲ ಸರ್" ಎಂದ.

ಪುಸ್ತಕ ಈಗ ಅವನ ಹತ್ತಿರ ಇದೆ.