ಅಂಟು ಎಲ್ಲಿಂದ ಬಿತ್ತು?

ಈ ವಾರ ಹತ್ತಿಯ ಜಿಗಿಹುಳುವಿನ ಬಗ್ಗೆ ಬರೆಯುವೆನೆಂದು ಮಾತು ಕೊಟ್ಟಿದ್ದೆ. ಎಲೆ ಮುಟ್ಟಿದರೆ ಓರೆಯಾಗಿ ಸರಿಯುವ, ರೆಕ್ಕೆಯ ತುದಿಯತ್ತ ಒಂದೊಂದು ಕರಿಚುಕ್ಕೆ ಹೊತ್ತ ಆ ಹಸಿರು ಜೀವವನ್ನು ಈ ಅಂಕಣದ ಓದುಗರು ಬಲ್ಲರು. ಆದರೆ ಹೊಳೆಆಲೂರಿನ ಮಲಪ್ರಭೆ ದಂಡೆಯ ಎರಿಹೊಲಗಳಲ್ಲಿ ಈಗ ಬಿಳಿಜೋಳ ತೆನೆ ಹಿಡಿಯುವ ಹೊತ್ತು. ಹತ್ತಿ ಕಾಯಲಿ.

ಜೋಳದ ಎಲೆ ಜಿಗುಟಾದ ಕೂಡಲೇ ‘ರಸ ಹೀರುವ ಕೀಟ’ ಎಂದು ಒಂದೇ ಹೆಸರು ಹೇಳಿ ಎಣ್ಣೆ ಕೊಟ್ಟುಬಿಡುವ ಪದ್ಧತಿಯ ಮೇಲೆ ನನ್ನ ಸಿಟ್ಟು ಹಳೆಯದು. ಅಂಟು ಬಿದ್ದ ಎಲೆಯಲ್ಲಿ ಹುಳ ಹುಡುಕಬೇಡಿ. ಅದರ ಮೇಲಿನ ಎಲೆಯನ್ನು ಮಗುಚಿ ಭೂತಗನ್ನಡಿ ಹಿಡಿಯಿರಿ. ತಿಳಿಹಳದಿ ಮೈ, ಹಿಂಭಾಗದಲ್ಲಿ ಎರಡು ಗಿಡ್ಡ ಕರಿ ಕೊಳವೆ, ಪಾದ ಅದ್ದಿ ತೆಗೆದಂತೆ ಕಪ್ಪು: ಇದು ಮೆಲನಾಫಿಸ್ ಸ್ಯಾಕರಿ ಎಂಬ ಹೇನು. ಇದರ ಸಿಹಿ ವಿಸರ್ಜನೆಯೇ ಕೆಳಗಿನ ಎಲೆಗೆ ಬೀಳುವುದು. ಅದರ ಮೇಲೆ ಕರಿ ಬೂಸ್ಟು ಬೆಳೆದರೆ ಕಣಿಕೆಯೂ ಕೆಟ್ಟಿತು. ಸುಳಿ ಬಿಚ್ಚಿದಾಗ ಸಿಗುವ ನೀಲಿ ಛಾಯೆಯ ಹಸಿರು ಹೇನು ಬೇರೆ ಜಾತಿ, ರೋಪಲೋಸೈಫಮ್ ಮೇಯ್ಡಿಸ್. ಪಕ್ಕದಲ್ಲೇ ಹಾರಿ ತಪ್ಪಿಸಿಕೊಳ್ಳುವುದು ಸುಳಿ ತಿಗಣೆ. ಹಿಂಗಾಲಿನಲ್ಲಿ ಅಲುಗಾಡುವ ಮುಳ್ಳೊಂದಿದ್ದರೆ ಸಂಶಯವೇ ಬೇಡ.

ಎಲೆ ಮಗುಚಿದರೂ ಸುಳಿ ಬಿಚ್ಚಿದರೂ ಏನೂ ಇಲ್ಲವೇ? ತೆನೆ ನೋಡಿ. ಹೂಬಿಡುವಾಗ ಮೋಡ, ತಂಪು ಹಿಡಿದರೆ ಕಾಳಾಗಬೇಕಾದ ಜಾಗದಲ್ಲಿ ಶಿಲೀಂಧ್ರ ಸೇರಿ ಜೇನಿನಂಥ ಹನಿ ಇಳಿಯುತ್ತದೆ. ಅದಕ್ಕೆ ಕೀಟನಾಶಕ ಹೊಡೆದರೆ ಸಾಯುವುದು ಗುಲಗಂಜಿ ಹುಳುಗಳು ಮಾತ್ರ.

ಫೋನಿನಲ್ಲಿ ಫೋಟೊ ತೆಗೆದು ಹೆಸರು ಕೇಳುವವರಿಗೂ ಒಂದು ಮಾತು. ಡಬ್ಲ್ಯು. ಎಲ್. ಡಿಸ್ಟಂಟ್ 1902ರಿಂದ 1918ರವರೆಗೆ ‘ಬ್ರಿಟಿಷ್ ಇಂಡಿಯಾದ ಪ್ರಾಣಿಸಂಕುಲ’ ಮಾಲೆಯಲ್ಲಿ ತಿಗಣೆ, ಜೀರುಂಡೆ, ಜಿಗಿಹುಳುಗಳಿಗೇ ಏಳು ಸಂಪುಟ ಬರೆದ. ನನಗೆ ಅಚ್ಚುಮೆಚ್ಚಿನ ಪುಸ್ತಕಗಳವು. ಆದರೂ ಎಷ್ಟೋ ಜಿಗಿಹುಳುಗಳನ್ನು ಮೇಲ್ನೋಟದ ಬಣ್ಣ, ಆಕಾರದಿಂದ ಬೇರ್ಪಡಿಸಲಾಗದೆ ಮುಂದಿನವರು ಗಂಡಿನ ಜನನಾಂಗ ಬಿಡಿಸಿ ನೋಡಬೇಕಾಯಿತು. ಬೆಂಗಳೂರಿನಲ್ಲಿ ಸಿ. ಎ. ವಿರಕ್ತಮಠ ಜಿಗಿಹುಳುಗಳ ವರ್ಗೀಕರಣಕ್ಕೆ ದಶಕಗಳನ್ನೇ ಕೊಟ್ಟಿದ್ದಾರೆ. ಬೆನ್ನಿನ ಫೋಟೊ ಒಂದರಿಂದ ಜಾತಿ ಹೇಳುವ ಆ್ಯಪನ್ನು ನಾನು ನಂಬಲಾರೆ.

ಜೋಳದ ಹೇನಿಗೆ ಅಷ್ಟೆಲ್ಲ ಬೇಕಿಲ್ಲ. ಕೂತ ಜಾಗ, ಬಣ್ಣ, ಕೊಳವೆ ಸಾಕು. ಅಕ್ಕಡಿ ಸಾಲಿನ ಕುಸುಬೆಗೆ ಕರಿಹೇನು ಮುತ್ತಿತೆಂದು ಜೋಳಕ್ಕೂ ಎಣ್ಣೆ ಹೊಡೆಯಬೇಡಿ. ಅದು ಸೇವಂತಿಗೆ ಬಳಗದ ಗಿಡಗಳ ಹೇನು, ಜೋಳಕ್ಕೆ ಹತ್ತುವುದಿಲ್ಲ.