ಸ್ಪ್ಯಾನಿಷ್ ನಾಲಗೆಗೆ ಯಾರದೋ ಪಟ್ಟಿ

ಸ್ಪ್ಯಾನಿಷ್ ಮಾತಾಡುವವರು ಇಂಗ್ಲಿಷ್ ಕಲಿಯಲು ಕೂತರೆ ಒಂದು ಆಪಾದನೆ ಕೇಳಲೇಬೇಕು: ನೀವು ಪುಸ್ತಕ ಓದಿದ ಹಾಗೆ ಮಾತಾಡುತ್ತೀರಿ. 'ಟಾಲರೇಟ್' ಎನ್ನುತ್ತೀರಿ, 'ಪುಟ್ ಅಪ್ ವಿತ್' ಎನ್ನುವುದಿಲ್ಲ. 'ಪೋಸ್ಟ್‌ಪೋನ್' ಎನ್ನುತ್ತೀರಿ, 'ಪುಟ್ ಆಫ್' ಬಾಯಿಗೆ ಬರುವುದಿಲ್ಲ. ಇದಕ್ಕೆ ಮದ್ದೂ ಸಿದ್ಧವಾಗಿದೆ, ಗೋಡೆಗೆ ಅಂಟಿಸುವ ಒಂದು ಚಾರ್ಟು. 'ಗೆಟ್' ಎಂಬ ಕ್ರಿಯಾಪದದ ಕೆಳಗೆ ಗೆಟ್ ಅಪ್, ಗೆಟ್ ಆನ್, ಗೆಟ್ ಆಫ್, ಗೆಟ್ ಓವರ್, ಗೆಟ್ ಬೈ, ಗೆಟ್ ಅವೇ. ಪಕ್ಕದಲ್ಲಿ ಸ್ಪ್ಯಾನಿಷ್ ಅರ್ಥ. ಉರು ಹೊಡೆಯಿರಿ, ಬೇರೆ ದಾರಿಯಿಲ್ಲ. ಕ್ರಿಯಾಪದದ ಜೊತೆ ಅವ್ಯಯ ಸೇರಿ ಆಗುವ ಈ ಫ್ರೇಸಲ್ ವರ್ಬ್‌ಗಳಿಗೆ ತರ್ಕವಿಲ್ಲ, ನಿಮ್ಮ ಭಾಷೆಯಲ್ಲಿ ಅಂಥದ್ದೇನೂ ಇಲ್ಲ.

ಕಷ್ಟವೇ ಇಲ್ಲ ಎಂದು ನಾನು ವಾದಿಸುತ್ತಿಲ್ಲ. 1755ರಲ್ಲಿ ತನ್ನ ನಿಘಂಟಿಗೆ ಮುನ್ನುಡಿ ಬರೆಯುತ್ತ ಸ್ಯಾಮ್ಯುಯೆಲ್ ಜಾನ್ಸನ್ ಕೂಡ ಹೊರನಾಡಿನವರನ್ನು ಹೆಚ್ಚು ಕಾಡುವುದು ಈ ಜಾತಿಯ ಕ್ರಿಯಾಪದಗಳೇ ಎಂದು ಗುರುತಿಸಿದ್ದ. ಕಷ್ಟ ಎಲ್ಲಿದೆ ಎಂಬ ವಿಷಯದಲ್ಲಿ ಮಾತ್ರ ಚಾರ್ಟು ಅಂಟಿಸುವವರಿಗೂ ನನಗೂ ಜಗಳ.

'ನಿಮ್ಮ ಭಾಷೆಯಲ್ಲಿ ಅಂಥದ್ದೇನೂ ಇಲ್ಲ' ಎಂಬ ಮಾತಿಗೆ ಪಂಡಿತರ ಬೆಂಬಲವೂ ಉಂಟು. ಅಮೆರಿಕದ ಭಾಷಾವಿಜ್ಞಾನಿ ಲೆನರ್ಡ್ ಟಾಲ್ಮಿ 1985ರಲ್ಲಿ ಬರೆದ ಲೇಖನ ಪ್ರಸಿದ್ಧವಾದದ್ದು. ಚಲನೆಯ ದಿಕ್ಕನ್ನು ಸ್ಪ್ಯಾನಿಷ್ ಕ್ರಿಯಾಪದದ ಒಳಗೇ ಇಡುತ್ತದೆ, ಇಂಗ್ಲಿಷ್ ಅದನ್ನು ಪಕ್ಕದ ಅವ್ಯಯಕ್ಕೆ ವಹಿಸುತ್ತದೆ ಎಂಬುದು ಅವರ ವಿವರಣೆ. ಬಾಟಲಿ ನೀರಿನ ಜೊತೆ ಹೊರಗೆ ಸಾಗಿತು ಎನ್ನಲು ಇಂಗ್ಲಿಷಿನವರು 'ಫ್ಲೋಟೆಡ್ ಔಟ್' ಎಂದರೆ ಸ್ಪ್ಯಾನಿಷಿನವರು 'ಸಾಲಿಯೊ ಫ್ಲೊತಾಂದೊ', ಅಂದರೆ 'ತೇಲುತ್ತ ಹೊರಬಂತು' ಎನ್ನುತ್ತಾರೆ. ಚಲನೆಯ ಮಟ್ಟಿಗೆ ಇದು ಸರಿ. ಆದರೆ ಫ್ರೇಸಲ್ ವರ್ಬ್ ಎಂದರೆ ಬರೀ ಚಲನೆಯಲ್ಲ. 'ಈಟ್ ಅಪ್'ನಲ್ಲಿ ಯಾವುದೂ ಮೇಲಕ್ಕೆ ಹೋಗುವುದಿಲ್ಲ. ತಟ್ಟೆ ಖಾಲಿಯಾಗುತ್ತದೆ, ಅಷ್ಟೆ.

ಹಾಗೆ ಖಾಲಿ ಮಾಡುವುದನ್ನು ಹೇಳಲು ಸ್ಪ್ಯಾನಿಷಿಗೆ 'ಸೆ' ಎಂಬ ಒಂದಕ್ಷರ ಸಾಕು. 'ಕೊಮೆರ್' ಎಂದರೆ ತಿನ್ನು, 'ಕೊಮೆರ್ಸೆ' ಎಂದರೆ ತಿಂದು ಮುಗಿಸು. 'ದೊರ್ಮಿರ್' ನಿದ್ದೆ ಮಾಡುವುದು, 'ದೊರ್ಮಿರ್ಸೆ' ನಿದ್ದೆಗೆ ಜಾರುವುದು, ಇಂಗ್ಲಿಷಿನವರ 'ಡೋಜ್ ಆಫ್'. 'ಇರ್' ಎಂದರೆ ಹೋಗು. 'ಇರ್ಸೆ' ಎಂದರೆ ಇಲ್ಲಿಂದ ಹೊರಟುಹೋಗು, 'ಗೋ ಅವೇ'. 'ಯೆವಾರ್' ಒಯ್ಯುವುದು, 'ಯೆವಾರ್ಸೆ' ಎತ್ತಿಕೊಂಡೇ ಹೋಗುವುದು. ಕನ್ನಡದವರಿಗೆ ಇದರಲ್ಲಿ ಅಚ್ಚರಿಯೇನಿಲ್ಲ. 'ತಿಂದ'ನಿಗೂ 'ತಿಂದುಬಿಟ್ಟ'ನಿಗೂ ಇರುವ ವ್ಯತ್ಯಾಸವನ್ನು ನಮಗೆ ಯಾರೂ ಚಾರ್ಟು ಹಾಕಿ ಕಲಿಸಲಿಲ್ಲ. ಇನ್ನು ತರ್ಕದ ಮಾತು. 'ದಾರ್' ಎಂದರೆ ಕೊಡು, 'ಕೊನ್' ಎಂದರೆ ಜೊತೆ. ಎರಡೂ ಸೇರಿ 'ದಾರ್ ಕೊನ್' ಆದರೆ ಹುಡುಕುತ್ತಿದ್ದುದನ್ನು ಪತ್ತೆಹಚ್ಚು ಎಂದಾಗುತ್ತದೆ. 'ಕೆದಾರ್' ಉಳಿಯುವುದು, 'ಕೆದಾರ್ ಎನ್' ಮಾತುಕತೆಯಾಗಿ ಒಪ್ಪಿಕೊಳ್ಳುವುದು, 'ಕೆದಾರ್ಸೆ ಕೊನ್' ತನ್ನಲ್ಲೇ ಇಟ್ಟುಕೊಳ್ಳುವುದು. ಇಷ್ಟೆಲ್ಲ ಮನೆಯಲ್ಲೇ ಕಲಿತು ಬಂದವರಿಗೆ 'ಟೇಕ್ ಆಫ್' ನೋಡಿ ತಲೆ ತಿರುಗುತ್ತದೆ ಎಂದರೆ ನಂಬಲು ಕಷ್ಟ. 'ಸೆ'ಗೂ 'ಅಪ್'ಗೂ ಎಲ್ಲೆಡೆ ತಾಳೆಯಾಗುತ್ತದೆ ಎಂದೇನಲ್ಲ. 'ಗ್ರೋ'ಗೂ 'ಗ್ರೋ ಅಪ್'ಗೂ ಸ್ಪ್ಯಾನಿಷಿನಲ್ಲಿ 'ಕ್ರೆಸೆರ್' ಒಂದೇ. ಆದರೂ ಪಾಠವನ್ನು ಎಲ್ಲಿಂದ ಶುರುಮಾಡಬಹುದಿತ್ತು ಎಂಬುದಕ್ಕೆ ಇಷ್ಟು ಸಾಕು.

ಲ್ಯಾಟಿನ್ ಮೂಲದ ಪದ ಬಳಸುವುದು ದೋಷವೆಂಬ ಆಪಾದನೆ ನನಗೆ ಇನ್ನೂ ವಿಚಿತ್ರವಾಗಿ ಕಾಣುತ್ತದೆ. ಇದಕ್ಕೆ ಶಾಸ್ತ್ರೀಯವಾಗಿ 'ತಪ್ಪಿಸಿಕೊಳ್ಳುವಿಕೆ' ಎಂಬ ಹೆಸರಿದೆ. 1985ರಲ್ಲಿ ಡಾಗುಟ್ ಮತ್ತು ಲಾಫರ್ ಎಂಬ ಸಂಶೋಧಕರು ಹೀಬ್ರೂ ಮಾತಾಡುವ ವಿದ್ಯಾರ್ಥಿಗಳನ್ನು ಪರೀಕ್ಷಿಸಿ, ಅವರು ಫ್ರೇಸಲ್ ವರ್ಬ್ ಬಿಟ್ಟು ಒಂಟಿ ಕ್ರಿಯಾಪದವನ್ನು ಆರಿಸಿಕೊಳ್ಳುವುದನ್ನು ತೋರಿಸಿದರು. ಹೀಬ್ರೂವಿನವರಿಗೆ 'ಪೋಸ್ಟ್‌ಪೋನ್' ಕೂಡ ಕಲಿತೇ ಬರಬೇಕಾದ ಪದ. ಸ್ಪ್ಯಾನಿಷಿನವರ ಮನೆಯಲ್ಲಿ 'ಪೊಸ್ಪೊನೆರ್' ಮೊದಲೇ ಇದೆ. ತನ್ನ ಮನೆಗೆ ತಾನು ಹೋಗುವವನನ್ನು ತಲೆಮರೆಸಿಕೊಂಡವನು ಎನ್ನಲಾಗದು. ಜೊತೆಗೆ ಕ್ಯಾನ್ಸಲ್, ಕಂಟಿನ್ಯೂ, ರಿಟರ್ನ್, ಡಿಸ್ಕವರ್ ಇವೆಲ್ಲ ಲಂಡನ್ನಿನ ಬಸ್ಸಿನಲ್ಲೂ ನಡೆಯುವ ಇಂಗ್ಲಿಷೇ. 'ದೀಪ ಎಕ್ಸ್ಟಿಂಗ್ವಿಶ್ ಮಾಡಿ' ಎಂದರೆ ನಗು ಬರುತ್ತದೆ, ಒಪ್ಪಿದೆ. ಒಂದು ದೀಪಕ್ಕಾಗಿ ಇಡೀ ಶಬ್ದಭಂಡಾರವನ್ನೇ ನಾಚಿಕೆಗೇಡು ಮಾಡಬೇಕೇ?

ಪರೀಕ್ಷೆಗಳು ಈ ನಾಚಿಕೆಯನ್ನು ಗಟ್ಟಿಮಾಡಿವೆ. ಸ್ಪೇನಿನ ಹಲವು ವಿಶ್ವವಿದ್ಯಾಲಯಗಳು ಪದವಿಗೆ ಭಾಷಾ ಪ್ರಮಾಣಪತ್ರ ಕೇಳುತ್ತವೆ. ಊರೂರಿನಲ್ಲಿ ಕೋಚಿಂಗ್ ಕೇಂದ್ರಗಳಿವೆ. ಕೇಂಬ್ರಿಡ್ಜಿನ ಬಿ2 ಫಸ್ಟ್ ಪರೀಕ್ಷೆಯಲ್ಲಿ ಒಂದು ವಾಕ್ಯವನ್ನೂ ಒಂದು ಪದವನ್ನೂ ಕೊಟ್ಟು, ಆ ಪದ ಬರುವಂತೆ ಎರಡರಿಂದ ಐದು ಪದಗಳಲ್ಲಿ ಬಿಟ್ಟ ಜಾಗ ತುಂಬಿ, ಅದೇ ಅರ್ಥ ಬರಿಸಲು ಹೇಳುವ ಪ್ರಶ್ನೆಗಳಿರುತ್ತವೆ. ಮಳೆಯಿಂದ ಪಂದ್ಯ 'ಕ್ಯಾನ್ಸಲ್' ಆಯಿತು ಎಂಬ ವಾಕ್ಯದ ಜೊತೆ 'ಕಾಲ್ಡ್' ಎಂಬ ಪದ ಕೊಟ್ಟರು ಎನ್ನಿ, ಉತ್ತರ 'ಕಾಲ್ಡ್ ಆಫ್'. ಮೂಲ ವಾಕ್ಯದಲ್ಲಿ ಯಾವ ತಪ್ಪೂ ಇರಲಿಲ್ಲ. ಆದರೆ ಇಂಥವನ್ನು ತಿಂಗಳುಗಟ್ಟಲೆ ತಿದ್ದಿದ ಹುಡುಗಿಗೆ ತನ್ನ ಬಾಯಿಗೆ ಸಹಜವಾಗಿ ಬಂದ ಪದವೇ ಎರಡನೇ ದರ್ಜೆಯದು ಎಂದು ಮನದಟ್ಟಾಗಿರುತ್ತದೆ. ಇತ್ತ ವಿಮಾನ ರಿಪೇರಿಯ ಕೈಪಿಡಿಗಳಿಗೆಂದು 1980ರ ದಶಕದಲ್ಲಿ ರೂಪಿಸಿದ ಸರಳೀಕೃತ ತಾಂತ್ರಿಕ ಇಂಗ್ಲಿಷ್ ಫ್ರೇಸಲ್ ವರ್ಬ್‌ಗಳಿಂದ ದೂರವಿರಲು ಹೇಳುತ್ತದೆ. ಅಲ್ಲಿ ಅರ್ಥ ಅತ್ತಿತ್ತ ಆದರೆ ಜೀವಕ್ಕೆ ಅಪಾಯ. ಮೆಕ್ಸಿಕೋದ ಮೊಂತೆರ್ರೇಯ ಎಂಜಿನಿಯರೊಬ್ಬರು ಜರ್ಮನಿಯ, ಕೊರಿಯಾದ ಗಿರಾಕಿಗಳಿಗೆ ಪತ್ರ ಬರೆಯುವಾಗ 'ಪೋಸ್ಟ್‌ಪೋನ್' ಎಂದರೇ ಎಲ್ಲರಿಗೂ ಕ್ಷೇಮ.

ಆಡುಮಾತಿಗೆ ಮಾತ್ರ ಫ್ರೇಸಲ್ ವರ್ಬ್ ಎಂಬ ಇನ್ನೊಂದು ನಂಬಿಕೆಯೂ ಪೂರ್ತಿ ನಿಲ್ಲುವುದಿಲ್ಲ. ಡಗ್ಲಸ್ ಬೈಬರ್ ಮತ್ತು ಸಂಗಡಿಗರು 1999ರಲ್ಲಿ ಹೊರತಂದ ಲಾಂಗ್‌ಮನ್ ವ್ಯಾಕರಣ ನೋಡಿದರೆ, ಕಥೆ ಕಾದಂಬರಿಗಳಲ್ಲೂ ಇವು ಮಾತುಕತೆಯಷ್ಟೇ ಧಾರಾಳ. ಶಾಸ್ತ್ರೀಯ ಗದ್ಯದಲ್ಲಿ ಕಡಿಮೆ, ಆದರೆ 'ಕ್ಯಾರಿ ಔಟ್', 'ಪಾಯಿಂಟ್ ಔಟ್' ಅಲ್ಲೂ ಇವೆ.

ಸ್ಪ್ಯಾನಿಷಿನವರ ನಿಜವಾದ ಗಂಡಾಂತರ ಆ 'ಕ್ಯಾರಿ ಔಟ್'ನ ಪಕ್ಕದಲ್ಲೇ ಕೂತಿದೆ. ಅಧ್ಯಯನ ನಡೆಸುವುದಕ್ಕೆ ಅವರಲ್ಲಿ 'ರೆಯಾಲಿಸಾರ್' ಎನ್ನುತ್ತಾರೆ. ಅದೇ ದಾರಿಯಲ್ಲಿ ಇಂಗ್ಲಿಷಿಗೆ ಬಂದರೆ 'ನಾವು ಒಂದು ಪ್ರಯೋಗವನ್ನು ರಿಯಲೈಸ್ ಮಾಡಿದೆವು' ಎಂದಾಗುತ್ತದೆ. ಸಹಿಸುವುದು 'ಸೊಪೊರ್ತಾರ್', ಮ್ಯಾನೇಜರನ್ನು ಸಹಿಸಲಾರೆ ಎನ್ನಹೋಗಿ ಬೆಂಬಲಿಸಲಾರೆ ಎಂದಂತಾಗುತ್ತದೆ. ಬ್ಯಾಂಕಿನಿಂದ ಹಣ ತೆಗೆಯುವುದು 'ರೆತಿರಾರ್'. ಪಾಪ, ಹಣವೇ ನಿವೃತ್ತಿಯಾಗುತ್ತದೆ. ಏನನ್ನೋ ಸಾಧಿಸಲು ಹೊರಡುವುದು 'ಪ್ರೆತೆಂದೆರ್'. ಈ ಲೇಖನ ಇಂಥದ್ದನ್ನು ಸಾಧಿಸಲು ಹೊರಟಿದೆ ಎಂದು ಬರೆಯಹೋದ ಪ್ರಾಧ್ಯಾಪಕರು, ಲೇಖನ ಸಾಧಿಸಿದಂತೆ ನಟಿಸುತ್ತದೆ ಎಂದು ಬರೆದಿರುತ್ತಾರೆ. ಇಲ್ಲಿ ಲ್ಯಾಟಿನ್ ನೆಂಟಸ್ತಿಕೆಯೇ ಮೋಸ ಮಾಡುತ್ತದೆ; ಕ್ಯಾರಿ ಔಟ್, ಪುಟ್ ಅಪ್ ವಿತ್, ಟೇಕ್ ಔಟ್, ಸೆಟ್ ಔಟ್ ಕೈ ಹಿಡಿಯುತ್ತವೆ. ಸ್ಪ್ಯಾನಿಷಿನವರಿಗೆ ಪಟ್ಟಿಯೊಂದು ಬೇಕೇ ಬೇಕು ಎಂದಾದರೆ ಅದು ಇಲ್ಲಿಂದ ಆರಂಭವಾಗಬೇಕಿತ್ತು. 'ಪುಟ್ ಆಫ್' ಕೊನೆಯ ಪುಟದಲ್ಲಿದ್ದರೂ ನಷ್ಟವಿಲ್ಲ.

ಈಗಿರುವ ಪಟ್ಟಿಗಳನ್ನು ನಾನು ಹೀಗಳೆಯುವುದಿಲ್ಲ. ಗಾರ್ಡ್ನರ್ ಮತ್ತು ಡೇವೀಸ್ 2007ರಲ್ಲಿ ಬ್ರಿಟಿಷ್ ನ್ಯಾಷನಲ್ ಕಾರ್ಪಸ್ ಎಂಬ ಸುಮಾರು 10 ಕೋಟಿ ಪದಗಳ ಸಂಗ್ರಹವನ್ನು ಜಾಲಾಡಿ, ಬರೀ 20 ಕ್ರಿಯಾಪದಗಳು 8 ಅವ್ಯಯಗಳ ಜೊತೆ ಸೇರಿ ಫ್ರೇಸಲ್ ವರ್ಬ್ ಬಳಕೆಯ ಅರ್ಧಕ್ಕಿಂತ ಹೆಚ್ಚನ್ನು ತುಂಬುತ್ತವೆ ಎಂದು ತೋರಿಸಿದರು. 2015ರಲ್ಲಿ ಗಾರ್ನಿಯರ್ ಮತ್ತು ಶ್ಮಿಟ್ 150 ಫ್ರೇಸಲ್ ವರ್ಬ್‌ಗಳ ಮುಖ್ಯ ಅರ್ಥಗಳನ್ನು ಸೋಸಿ 288ಕ್ಕೆ ಇಳಿಸಿದರು. ಸಾವಿರಗಟ್ಟಲೆ ಇವೆ ಎಂದು ಹೆದರಿಸುವವರಿಗೆ ಇದು ಒಳ್ಳೆಯ ಉತ್ತರ. ಆದರೆ ಇವೆಲ್ಲ ಇಂಗ್ಲಿಷಿನವರ ಮಾತನ್ನು ಅಳೆದು ಮಾಡಿದ ಲೆಕ್ಕ. ಕಲಿಯುವವನ ಭಾಷೆ ಯಾವುದೆಂದು ಆ ಲೆಕ್ಕಕ್ಕೆ ಗೊತ್ತಿಲ್ಲ. ಕೇಳಿ ಅರ್ಥಮಾಡಿಕೊಳ್ಳಲು ಅದನ್ನು ಬಳಸಿ. ಯಾವುದನ್ನು ಆಡಬೇಕು ಎಂಬುದನ್ನು ಅದರಿಂದ ತೀರ್ಮಾನಿಸಬೇಡಿ.

ಕೇಳುವುದೇ ನಿಜಕ್ಕೂ ಕಷ್ಟ. ಅರ್ಥ ಕ್ರಿಯಾಪದದಲ್ಲೇ ಸಿಕ್ಕಿಬಿಡುತ್ತದೆ ಎಂಬ ಭರವಸೆ ಸ್ಪ್ಯಾನಿಷ್ ಕಿವಿಗಿದೆ. 'ಅಪಾಗಲೊ', ಆರಿಸು ಅದನ್ನು. ಕ್ರಿಯೆ ಮೊದಲೇ ಬಂತು, 'ಅದು' ಬಾಲದಂತೆ ಕೊನೆಗೆ ಅಂಟಿತು. 'ಟರ್ನ್ ಇಟ್ ಆಫ್'ನಲ್ಲಿ 'ಇಟ್' ನಡುವೆ ನುಸುಳಿ, ಆನ್ ಮಾಡಬೇಕೋ ಆಫ್ ಮಾಡಬೇಕೋ ಎಂಬುದು ಕೊನೆಯ ಪದದವರೆಗೆ ತಿಳಿಯುವುದೇ ಇಲ್ಲ. ಒತ್ತೂ ಅದರ ಮೇಲೆಯೇ. ಇದಕ್ಕೆ ಬೇಕಾದ ಕಿವಿಯ ಅಭ್ಯಾಸವನ್ನು ಯಾವ ಚಾರ್ಟೂ ಮಾಡಿಸದು.

ವಾಕ್ಯದ ಯಜಮಾನ ಯಾರು ಎಂಬ ತೊಡಕೂ ಉಂಟು. ಹಾಲು ಮುಗಿದರೆ ಇಂಗ್ಲಿಷಿನವರು 'ವಿ ಹ್ಯಾವ್ ರನ್ ಔಟ್ ಆಫ್ ಮಿಲ್ಕ್' ಎನ್ನುತ್ತಾರೆ, ಕರ್ತೃ 'ನಾವು'. 'ಸೆ ನೋಸ್ ಅಕಬೊ ಲಾ ಲೆಚೆ' ಎನ್ನುವ ಸ್ಪ್ಯಾನಿಷಿನಲ್ಲಿ ಮುಗಿಯುವುದು ಹಾಲು, ನಾವು ಅದರ ಫಲ ಉಣ್ಣುವವರು ಮಾತ್ರ. 'ನಮ್ಮಲ್ಲಿ ಹಾಲು ಮುಗಿದುಹೋಯ್ತು' ಎನ್ನುವ ನಮ್ಮ ಮಾತೂ ಅದರ ಪಕ್ಷವೇ. 'ರನ್ ಔಟ್ = ಅಕಬಾರ್ಸೆ' ಎಂದು ಬರೆದಿಟ್ಟುಕೊಂಡವನು ಈ ಕರ್ತೃಪಲ್ಲಟವನ್ನು ಎಲ್ಲಿಂದ ಕಲಿಯಬೇಕು?

ಫ್ರೇಸಲ್ ವರ್ಬ್ ಸ್ಪ್ಯಾನಿಷ್ ತಲೆಗೆ ಹತ್ತುವುದಿಲ್ಲ ಎನ್ನುವವರು ನ್ಯೂಯಾರ್ಕಿನಲ್ಲೋ ಪ್ಯೂರ್ಟೊ ರಿಕೋದಲ್ಲೋ ಜಿಬ್ರಾಲ್ಟರಿನಲ್ಲೋ ಸ್ವಲ್ಪ ಕಿವಿಗೊಡಬೇಕು. ಆಮೇಲೆ ಫೋನ್ ಮಾಡುತ್ತೇನೆ ಎನ್ನಲು ಅಲ್ಲಿನ ಎಷ್ಟೋ ಮಂದಿ 'ತೆ ಯಾಮೊ ಪಾತ್ರಾಸ್' ಎನ್ನುತ್ತಾರೆ. 'ಕಾಲ್ ಬ್ಯಾಕ್'ನ 'ಬ್ಯಾಕ್' ತಮ್ಮದೇ 'ಹಿಂದಕ್ಕೆ' ಎಂಬ ಪದದ ವೇಷದಲ್ಲಿ ಸ್ಪ್ಯಾನಿಷಿನೊಳಗೆ ಬಂದು ಕೂತಿದೆ. ಉರು ಹೊಡೆದು ಕಲಿತದ್ದಲ್ಲ, ಎರಡು ಭಾಷೆಗಳ ನಡುವೆ ಬದುಕಿ ದಕ್ಕಿಸಿಕೊಂಡದ್ದು. ಶುದ್ಧ ಭಾಷೆಯ ಕಾವಲುಗಾರರು ಇದನ್ನು ಕೆಟ್ಟ ಸ್ಪ್ಯಾನಿಷ್ ಎಂದು ಬೈಯುತ್ತಾರೆ, ಅದೇ ಬೀದಿಯ ಇಂಗ್ಲಿಷ್ ಮೇಷ್ಟರು ಇವರಿಗೆ ಫ್ರೇಸಲ್ ವರ್ಬ್ ಬರುವುದಿಲ್ಲ ಎನ್ನುತ್ತಾರೆ.